ಅರಿವಳಿಕೆಯಲ್ಲಿ ಬಿಪಿ ಇಳಿಸಿದಾಗ ಜೀವಕೋಶಕ್ಕೆ ಏನಾಗುತ್ತದೆ?

ಆಪರೇಷನ್ ವೇಳೆ ರಕ್ತದೊತ್ತಡ ಕುಸಿದರೆ ಹೃದಯಕ್ಕೂ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ ಎಂಬ ವರದಿಗಳು ಹತ್ತು ಹನ್ನೆರಡು ವರ್ಷಗಳಿಂದ ಬರುತ್ತಲೇ ಇವೆ. ಇನ್ನೊಂದು ಕಡೆ ಸೈನಸ್, ಕಿವಿ, ದವಡೆ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳಲ್ಲಿ ಅರಿವಳಿಕೆ ತಜ್ಞರು ಅದೇ ರಕ್ತದೊತ್ತಡವನ್ನು ಬೇಕೆಂದೇ ಇಳಿಸುತ್ತಾರೆ. ಇದರ ಜೊತೆಗೆ ಮೂರನೆಯ ಬಗೆಯ ಸುದ್ದಿಯೂ ಇದೆ. ಹೀಗೆ ಇಳಿಸಿದಾಗ ರಕ್ತದಲ್ಲಿ ‘ಆಕ್ಸಿಡೇಟಿವ್ ಸ್ಟ್ರೆಸ್’ ಹೆಚ್ಚಿತು ಎಂದು ಒಂದು ಅಧ್ಯಯನ ಹೇಳಿದರೆ, ಹೆಚ್ಚಲಿಲ್ಲ ಎಂದು ಇನ್ನೊಂದು, ಕಡಿಮೆಯೇ ಆಯಿತು ಎಂದು ಮತ್ತೊಂದು ಹೇಳುತ್ತದೆ. ಆಪರೇಷನ್‌ಗೆ ದಿನ ಗೊತ್ತಾಗಿರುವವರು ಇದನ್ನೆಲ್ಲ ಓದಿ ಕಂಗಾಲಾದರೆ ಅವರ ತಪ್ಪಲ್ಲ.

ಈ ಮೂರು ಬಗೆಯ ಸುದ್ದಿಗಳಲ್ಲಿ ಯಾವುದೂ ಸುಳ್ಳಲ್ಲ. ಅವು ಅಳೆದದ್ದು ಬೇರೆ ಬೇರೆ ಸಂಗತಿಗಳನ್ನು. ಒಂದು ಮಾನಿಟರ್‌ನ ಅಂಕಿಯನ್ನು ನೋಡಿತು, ಒಂದು ಗಾಯದಲ್ಲಿ ಜಿನುಗುವ ರಕ್ತವನ್ನು ನೋಡಿತು, ಇನ್ನೊಂದು ಟೆಸ್ಟ್ ಟ್ಯೂಬಿನಲ್ಲಿನ ರಾಸಾಯನಿಕವನ್ನು ನೋಡಿತು. ಇವನ್ನು ಜೋಡಿಸುವ ಕೊಂಡಿ ಅಂಗಾಂಶಕ್ಕೆ ತಲುಪುವ ರಕ್ತದ ಹರಿವು. ಹರಿವು ಸಾಕಷ್ಟಿದ್ದರೆ ಅಂಕಿ ತುಸು ಕೆಳಗಿದ್ದರೂ ಜೀವಕೋಶ ತಡೆದುಕೊಳ್ಳುತ್ತದೆ. ಹರಿವು ಸಾಲದೆ ಹೋದರೆ ಅಂಕಿ ಚೆನ್ನಾಗಿ ಕಂಡರೂ ಜೀವಕೋಶ ನಲುಗುತ್ತದೆ.

ಮೊದಲಿಗೆ ಒಂದು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಪ್ರೆಷರ್‌ಗೂ ಒತ್ತಡ ಎನ್ನುತ್ತೇವೆ, ಸ್ಟ್ರೆಸ್‌ಗೂ ಒತ್ತಡ ಎನ್ನುತ್ತೇವೆ. ಹೀಗಾಗಿ ಆಕ್ಸಿಡೇಟಿವ್ ಸ್ಟ್ರೆಸ್‌ಗೆ ‘ಉತ್ಕರ್ಷಣ ಒತ್ತಡ’ ಎಂದು ಬರೆದದ್ದನ್ನು ಓದಿದವರಿಗೆ ಅದೂ ಬಿಪಿಯ ಇನ್ನೊಂದು ರೂಪವೇನೋ ಅನ್ನಿಸಿಬಿಡುತ್ತದೆ. ಎರಡಕ್ಕೂ ನೇರ ಸಂಬಂಧವಿಲ್ಲ. ಆಮ್ಲಜನಕವನ್ನು ಬಳಸುವಾಗ ಜೀವಕೋಶದಲ್ಲಿ ಸೂಪರ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್, ಹೈಡ್ರಾಕ್ಸಿಲ್‌ನಂಥ ಚುರುಕು ಕಣಗಳು ಹುಟ್ಟುತ್ತವೆ. ಅವನ್ನು ತಣಿಸಲು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯೋನ್ ಇತ್ಯಾದಿ ಇವೆ. ಹುಟ್ಟುವ ವೇಗ ತಣಿಸುವ ವೇಗವನ್ನು ಮೀರಿದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್. ಈ ಪರಿಕಲ್ಪನೆಗೆ 1985ರಲ್ಲಿ ಸ್ಪಷ್ಟ ರೂಪ ಕೊಟ್ಟವರು ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್. ಗೊಂದಲ ತಪ್ಪಿಸಲು ಇಲ್ಲಿ ‘ಒತ್ತಡ’ ಎಂದಾಗಲೆಲ್ಲ ರಕ್ತದೊತ್ತಡ ಎಂದೇ ಅರ್ಥ.

ಬೇಕೆಂದೇ ಇಳಿಸುವುದು ಯಾಕೆ

ಸೈನಸ್ ಆಪರೇಷನ್‌ನಲ್ಲಿ ಸರ್ಜನ್ 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಹಿಡಿದು ಮೂಗಿನೊಳಗೆ ಕೆಲಸ ಮಾಡುತ್ತಾರೆ. ಪಕ್ಕದಲ್ಲೇ ಕಣ್ಣಿನ ಗೂಡು, ಮೇಲೆ ಮಿದುಳಿನ ತಳ. ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ. ಲೆನ್ಸಿನ ಮೇಲೆ ಒಂದೇ ಹನಿ ರಕ್ತ ಹರಡಿದರೂ ತೆರೆಯ ತುಂಬ ಕೆಂಪು. ಇಲ್ಲಿ ರಕ್ತಸ್ರಾವದ ಒಟ್ಟು ಪ್ರಮಾಣ ದೊಡ್ಡದಲ್ಲ, ಕಣ್ಣಿಗೆ ಏನೂ ಕಾಣದಿರುವುದೇ ದೊಡ್ಡ ಅಪಾಯ. ಮಧ್ಯಕಿವಿಯ ಸೂಕ್ಷ್ಮದರ್ಶಕ ಶಸ್ತ್ರಚಿಕಿತ್ಸೆಯದ್ದೂ ಇದೇ ಪಾಡು. ದವಡೆಯ ಮೂಳೆ ಕತ್ತರಿಸುವಾಗ, ಬೆನ್ನುಮೂಳೆಗೆ ಸ್ಕ್ರೂ ಹಾಕುವಾಗ ಕಾರಣ ಬೇರೆ. ಅಲ್ಲಿ ನಿಜಕ್ಕೂ ಹೆಚ್ಚು ರಕ್ತ ಹೋಗುತ್ತದೆ.

ಒತ್ತಡ ಇಳಿಸಿ ರಕ್ತಸ್ರಾವ ತಗ್ಗಿಸುವ ಆಲೋಚನೆಯನ್ನು 1917ರಲ್ಲೇ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಮುಂದಿಟ್ಟಿದ್ದರು. 1946ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕ ಗಾರ್ಡ್ನರ್ ಅದನ್ನು ಮಾಡಿ ತೋರಿಸಿದ ರೀತಿ ಇಂದಿಗೆ ಭಯ ಹುಟ್ಟಿಸುವಂಥದ್ದು. ಅಪಧಮನಿಯಿಂದ ರಕ್ತವನ್ನೇ ಹೊರತೆಗೆದು ಒತ್ತಡ ಇಳಿಸುವುದು, ಕೆಲಸ ಮುಗಿದ ಮೇಲೆ ಮರಳಿ ಏರಿಸುವುದು. ಆ ವಿಧಾನದಲ್ಲಿ ಒತ್ತಡದ ಜೊತೆಗೆ ಹರಿವೂ ಬತ್ತುತ್ತಿತ್ತು. 1950ರ ಹೊತ್ತಿಗೆ ಬ್ರಿಟನ್ನಿನ ಅರಿವಳಿಕೆ ತಜ್ಞ ಎಂಡರ್‌ಬಿ ನರಗಂಟುಗಳನ್ನು ತಡೆಯುವ ಔಷಧಗಳಿಂದ, ಅಂದರೆ ರಕ್ತನಾಳಗಳನ್ನು ಸಡಿಲಿಸಿ, ಅದೇ ಫಲ ಪಡೆದರು. ಹರಿವನ್ನು ಉಳಿಸಿಕೊಂಡು ಒತ್ತಡವನ್ನು ಮಾತ್ರ ಇಳಿಸಬಹುದು ಎಂಬ ದಾರಿ ತೆರೆದದ್ದು ಅಲ್ಲಿಂದ.

ಈಗಿನ ಸಾಮಾನ್ಯ ವ್ಯಾಖ್ಯೆ ಹೀಗಿದೆ: ಸಿಸ್ಟಾಲಿಕ್ ಒತ್ತಡವನ್ನು (ಬಿಪಿಯ ಮೇಲಿನ ಅಂಕಿ) 80–90 ಮಿ.ಮೀ. ಪಾದರಸಕ್ಕೆ, ಇಲ್ಲವೇ ಸರಾಸರಿ ಒತ್ತಡವನ್ನು 50–65ಕ್ಕೆ ತರುವುದು, ಅಥವಾ ರೋಗಿಯ ಮೂಲ ಸರಾಸರಿಗಿಂತ ಶೇ 30ರಷ್ಟು ಇಳಿಸುವುದು. ಸರಾಸರಿ ಎಂದರೆ ಕೆಳಗಿನ ಅಂಕಿಗೆ, ಎರಡೂ ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದ್ದು. 120/80 ಇರುವವರ ಸರಾಸರಿ 93. ಅದರಲ್ಲಿ ಶೇ 30 ಕಳೆದರೆ 65. ಇಲ್ಲಿಯವರೆಗೆ ‘ಅಥವಾ’ಗಳೆಲ್ಲ ಹೊಂದಿಕೊಳ್ಳುತ್ತವೆ. ಈಗ ಬಹುಕಾಲದಿಂದ ಬಿಪಿ ಇರುವ, ನಿತ್ಯ 160/100 ತೋರಿಸುವ ವ್ಯಕ್ತಿಯನ್ನು ತೆಗೆದುಕೊಳ್ಳಿ. ಅವರ ಸರಾಸರಿ 120. ಶೇ 30 ಇಳಿಸಿದರೆ 84ಕ್ಕೆ ನಿಲ್ಲಬೇಕು. ಬದಲಿಗೆ ‘65ಕ್ಕೆ ತನ್ನಿ’ ಎಂಬ ಸೂತ್ರ ಹಿಡಿದರೆ ಅವರ ಪಾಲಿಗೆ ಅದು ಶೇ 46ರ ಕುಸಿತ. ಒಂದೇ ವ್ಯಾಖ್ಯೆಯೊಳಗೆ ಎರಡು ಬೇರೆ ಚಿಕಿತ್ಸೆಗಳು ಅಡಗಿವೆ. ಗೊಂದಲದ ದೊಡ್ಡ ಪಾಲು ಹುಟ್ಟುವುದು ಇಲ್ಲೇ.

ಒತ್ತಡ ಬೇರೆ, ಹರಿವು ಬೇರೆ

ಜೀವಕೋಶಕ್ಕೆ ಬೇಕಾದದ್ದು ಆಮ್ಲಜನಕ. ಅದು ಎಷ್ಟು ತಲುಪುತ್ತದೆ ಎಂಬುದು ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಅದು ಎಷ್ಟು ಆಮ್ಲಜನಕ ಹೊತ್ತಿದೆ ಎಂಬ ಮೂರನ್ನು ಅವಲಂಬಿಸಿದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 15 ಇದ್ದು, ಹೃದಯ ನಿಮಿಷಕ್ಕೆ 5 ಲೀಟರ್ ತಳ್ಳಿದರೆ ದೇಹಕ್ಕೆ ನಿಮಿಷಕ್ಕೆ ಸುಮಾರು 1000 ಮಿಲಿಲೀಟರ್ ಆಮ್ಲಜನಕ ಸರಬರಾಜಾಗುತ್ತದೆ. ವಿಶ್ರಾಂತಿಯಲ್ಲಿ ಬಳಕೆಯಾಗುವುದು 250ರಷ್ಟು. ಅಂದರೆ ನಾಲ್ಕನೇ ಒಂದು ಭಾಗ. ಅರಿವಳಿಕೆಯಲ್ಲಿ ಈ ಬೇಡಿಕೆ ಇನ್ನೂ ತಗ್ಗುತ್ತದೆ.

ಗಮನಿಸಿ, ಈ ಲೆಕ್ಕದಲ್ಲಿ ರಕ್ತದೊತ್ತಡ ಎಂಬ ಅಂಕಿಯೇ ಬರಲಿಲ್ಲ. ರಕ್ತನಾಳ ಅಗಲವಾದರೆ ಕಡಿಮೆ ಒತ್ತಡದಲ್ಲೂ ಅಷ್ಟೇ ರಕ್ತ ಹರಿಯಬಹುದು. ಆರೋಗ್ಯವಂತರಲ್ಲಿ ಮಿತವಾಗಿ ಒತ್ತಡ ಇಳಿಸಿದಾಗ ಆಕ್ಸಿಡೇಟಿವ್ ಸ್ಟ್ರೆಸ್ ಏರದಿರುವುದಕ್ಕೆ ಮುಖ್ಯ ಕಾರಣ, ಬಳಕೆಗಿಂತ ಹೆಚ್ಚು ಸರಬರಾಜಾಗುವ ಆಮ್ಲಜನಕದ ಈ ದಾಸ್ತಾನು.

ಆದರೆ ದಾಸ್ತಾನು ಎಲ್ಲ ಅಂಗಗಳಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಮಿದುಳು, ಮೂತ್ರಪಿಂಡ ಮತ್ತು ಹೃದಯ ತಮ್ಮ ರಕ್ತನಾಳಗಳನ್ನು ತಾವೇ ಹಿಗ್ಗಿಸಿ ಕುಗ್ಗಿಸಿ ಹರಿವನ್ನು ಸ್ಥಿರವಾಗಿಡುತ್ತವೆ. ಈ ಸ್ವಯಂನಿಯಂತ್ರಣಕ್ಕೂ ಒಂದು ತಳವಿದೆ. ಮಿದುಳಿಗೆ ಅದನ್ನು ಬಹುಕಾಲ ಸರಾಸರಿ 50 ಮಿ.ಮೀ. ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ವಾಸ್ತವದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಅದು ಬಹಳ ಬದಲಾಗುತ್ತದೆ. ದೀರ್ಘಕಾಲದ ಬಿಪಿ ರೋಗಿಗಳಲ್ಲಿ ಮೇಲಕ್ಕೆ ಸರಿದಿರುತ್ತದೆ. ಮೂತ್ರಪಿಂಡಕ್ಕೆ ಈ ತಳ ಇನ್ನೂ ಮೇಲೆ, 75–80ರ ಆಸುಪಾಸು. ಮೂತ್ರಪಿಂಡದ ಒಳಭಾಗದ ಪರಿಸ್ಥಿತಿ ಮೊದಲೇ ಇಕ್ಕಟ್ಟಿನದು. ಅಂಗಕ್ಕೆ ಬರುವ ರಕ್ತದ ಬಹುಪಾಲು ಹೊರಪದರಕ್ಕೆ ಹೋಗುವುದರಿಂದ ಒಳಪದರದ ಆಮ್ಲಜನಕದ ಮಟ್ಟ ಸಾಮಾನ್ಯ ಸ್ಥಿತಿಯಲ್ಲೇ 10–20 ಮಿ.ಮೀ.ನಷ್ಟು. ಅಲ್ಲಿ ಸ್ವಲ್ಪ ಹರಿವು ತಗ್ಗಿದರೂ ಕೊರತೆ ತಟ್ಟುತ್ತದೆ. ಕರುಳಂತೂ ಕಷ್ಟ ಬಂದಾಗ ದೇಹ ಮೊದಲು ರಕ್ತ ಕಡಿತ ಮಾಡುವ ಜಾಗ.

ಕಿಡಿ ಹೊತ್ತುವುದು ರಕ್ತ ಮರಳಿದಾಗ

ಆಮ್ಲಜನಕ ಕಡಿಮೆಯಾದರೆ ಆಮ್ಲಜನಕದಿಂದ ಹುಟ್ಟುವ ಕಣಗಳೂ ಕಡಿಮೆಯಾಗಬೇಕಲ್ಲವೇ? ಹಾಗಿದ್ದರೆ ಕೊರತೆಯಿಂದ ಆಕ್ಸಿಡೇಟಿವ್ ಸ್ಟ್ರೆಸ್ ಹೇಗೆ ಬಂತು? ಓದುಗರಿಗೆ ಈ ಪ್ರಶ್ನೆ ಹುಟ್ಟಲೇಬೇಕು. ಉತ್ತರ ಎರಡು ಹಂತದಲ್ಲಿದೆ.

ಮೊದಲ ಹಂತ ಹರಿವು ಸಾಲದಾದಾಗಿನದು. ಜೀವಕೋಶದ ಇಂಧನವಾದ ಎಟಿಪಿ ಖರ್ಚಾಗುತ್ತದೆ, ಮರಳಿ ತಯಾರಾಗುವುದಿಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಒಡೆದು ಹೈಪೊಕ್ಸಾಂಥಿನ್ ಆಗಿ ಕೂಡಿಬೀಳುತ್ತದೆ. ಕೋಶಕ್ಕೆ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯದಲ್ಲಿ ಸಕ್ಸಿನೇಟ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಸಾಂಥಿನ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಕ್ಸಾಂಥಿನ್ ಆಕ್ಸಿಡೇಸ್ ರೂಪಕ್ಕೆ ತಿರುಗುತ್ತದೆ. ಇಷ್ಟಾದರೂ ಬೆಂಕಿ ಇನ್ನೂ ಹೊತ್ತಿಲ್ಲ, ಸೌದೆ ಮಾತ್ರ ಒಟ್ಟಿದೆ.

ಎರಡನೇ ಹಂತದಲ್ಲಿ ಒತ್ತಡ ಏರಿ ರಕ್ತ ಮರಳುತ್ತದೆ. ಆಮ್ಲಜನಕ ಒಮ್ಮೆಗೇ ಬರುತ್ತದೆ. ಆ ಕಿಣ್ವ ಹೈಪೊಕ್ಸಾಂಥಿನ್ ಅನ್ನು ಯೂರಿಕ್ ಆಮ್ಲವಾಗಿಸುತ್ತ ಸೂಪರ್ ಆಕ್ಸೈಡ್ ಉಗುಳುತ್ತದೆ. ಶೇಖರವಾಗಿದ್ದ ಸಕ್ಸಿನೇಟ್ ಮೈಟೊಕಾಂಡ್ರಿಯದಲ್ಲಿ ಎಲೆಕ್ಟ್ರಾನ್‌ಗಳನ್ನು ಹಿಮ್ಮುಖವಾಗಿ ತಳ್ಳಿ ಇನ್ನಷ್ಟು ಸೂಪರ್ ಆಕ್ಸೈಡ್ ಹುಟ್ಟಿಸುತ್ತದೆ. ಈ ದಾರಿ 2014ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಸ್ಪಷ್ಟವಾಯಿತು. ಕಬ್ಬಿಣದ ಸಹವಾಸದಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಹೈಡ್ರಾಕ್ಸಿಲ್ ಕಣ ಬರುತ್ತದೆ. ಅದನ್ನು ತಣಿಸುವ ಕಿಣ್ವವೇ ದೇಹದಲ್ಲಿಲ್ಲ. ಸಿಕ್ಕ ಕೊಬ್ಬಿನ ಪೊರೆಯನ್ನು ಅದು ಕೊರೆಯುತ್ತದೆ, ಮಲಾನ್‌ಡೈಆಲ್ಡಿಹೈಡ್‌ನಂಥ ಚೂರುಗಳು ರಕ್ತಕ್ಕೆ ಸೇರುತ್ತವೆ. ಸೂಪರ್ ಆಕ್ಸೈಡ್ ನೈಟ್ರಿಕ್ ಆಕ್ಸೈಡ್ ಜೊತೆ ಕೂಡಿದರೆ ಪೆರಾಕ್ಸಿನೈಟ್ರೈಟ್ ಹುಟ್ಟುತ್ತದೆ. ರಕ್ತನಾಳವನ್ನು ಹಿಗ್ಗಿಸಬೇಕಿದ್ದ ನೈಟ್ರಿಕ್ ಆಕ್ಸೈಡ್ ಹೀಗೆ ವ್ಯರ್ಥವಾದಾಗ ಹರಿವು ಮತ್ತಷ್ಟು ಹದಗೆಡುತ್ತದೆ.

ಹೀಗಾಗಿ ಆಕ್ಸಿಡೇಟಿವ್ ಸ್ಟ್ರೆಸ್ ಎಷ್ಟು ಎಂಬುದು ಒತ್ತಡ ಎಷ್ಟು ಇಳಿಯಿತು ಎಂಬುದರಿಂದ ಮಾತ್ರ ತೀರ್ಮಾನವಾಗದು. ಹರಿವು ಅಗತ್ಯಕ್ಕಿಂತ ಕೆಳಗೆ ಹೋಯಿತೇ, ಎಷ್ಟು ಹೊತ್ತು ಹಾಗಿತ್ತು, ಯಾವ ವೇಗದಲ್ಲಿ ಮರಳಿತು ಎಂಬುದರ ಮೇಲೆ ಅದು ನಿಂತಿದೆ. ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದೆರಡು ಪ್ರಶ್ನೆ ಏಳುವುದೇ ಇಲ್ಲ.

ಅಂಕಿ ಒಂದೇ, ದಾರಿ ಬೇರೆ ಬೇರೆ

ಸರಾಸರಿ 60ಕ್ಕೆ ತರಲು ಹಲವು ಔಷಧಗಳಿವೆ. ಪ್ರತಿಯೊಂದೂ ಜೀವಕೋಶಕ್ಕೆ ಬೇರೆಯದೇ ಪರಿಸ್ಥಿತಿ ಒಡ್ಡುತ್ತದೆ.

ಸೋಡಿಯಂ ನೈಟ್ರೊಪ್ರಸೈಡ್ ಹಳೆಯ, ಬಲವಾದ ಔಷಧ. ರಕ್ತನಾಳಗಳನ್ನು ಸೆಕೆಂಡುಗಳಲ್ಲಿ ಸಡಿಲಿಸುತ್ತದೆ. ಅದಕ್ಕೆ ಪ್ರತಿಯಾಗಿ ಹೃದಯ ಜೋರಾಗಿ ಬಡಿಯುತ್ತದೆ, ಸೂಕ್ಷ್ಮನಾಳಗಳು ಅಗಲವಾಗೇ ಇರುತ್ತವೆ. ಹೀಗಾಗಿ ಅಂಕಿ ಇಳಿದರೂ ಮೂಗಿನೊಳಗೆ ಜಿನುಗುವಿಕೆ ನಿಲ್ಲದಿರಬಹುದು. ಇನ್ನೊಂದು ಸಂಗತಿ ಹೆಚ್ಚು ಗಂಭೀರ. ಇದರ ಒಂದೊಂದು ಅಣುವಿನಲ್ಲಿ ಐದು ಸಯನೈಡ್ ಗುಂಪುಗಳಿವೆ. ಕೆ.ಜಿ.ಗೆ ನಿಮಿಷಕ್ಕೆ 2 ಮೈಕ್ರೋಗ್ರಾಂ ದಾಟಿದರೆ ದೇಹ ವಿಲೇವಾರಿ ಮಾಡುವುದಕ್ಕಿಂತ ವೇಗವಾಗಿ ಸಯನೈಡ್ ಹುಟ್ಟುತ್ತದೆ. 10 ಮೈಕ್ರೋಗ್ರಾಂ ಪ್ರಮಾಣವನ್ನು 10 ನಿಮಿಷ ಮೀರಿ ಕೊಡುವಂತಿಲ್ಲ. ಸಯನೈಡ್ ಮೈಟೊಕಾಂಡ್ರಿಯದ ಕೊನೆಯ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಆಮ್ಲಜನಕ ಬಾಗಿಲಿಗೆ ಬಂದರೂ ಕೋಶಕ್ಕೆ ಬಳಸಲಾಗದು. ಆಗ ಸಿರೆಯ ರಕ್ತದಲ್ಲಿ ಆಮ್ಲಜನಕ ಹೆಚ್ಚಾಗಿಯೇ ಕಾಣುತ್ತದೆ, ಆಮ್ಲಜನಕ ಬಳಸಲಾಗದ ಕೋಶದಲ್ಲಿ ಹುಟ್ಟುವ ಲ್ಯಾಕ್ಟೇಟ್ ಏರುತ್ತದೆ, ಮೊದಲಿನಷ್ಟೇ ಒತ್ತಡ ಇಳಿಸಲು ಹೆಚ್ಚು ಹೆಚ್ಚು ಔಷಧ ಬೇಕಾಗುತ್ತದೆ. ಈ ಕೊನೆಯ ಲಕ್ಷಣ ಕಂಡಾಗ ಪ್ರಮಾಣ ಏರಿಸುವುದು ದೊಡ್ಡ ತಪ್ಪು. ಅದು ನಿಲ್ಲಿಸಬೇಕಾದ ಹೊತ್ತು.

ಎಸ್ಮೊಲಾಲ್ ಇದಕ್ಕೆ ತದ್ವಿರುದ್ಧ. ಹೃದಯದ ಬಡಿತ ನಿಧಾನವಾಗುತ್ತದೆ, ತಳ್ಳುವ ರಕ್ತವೂ ತಗ್ಗುತ್ತದೆ. ಔಷಧದ ಅರ್ಧಾಯುಷ್ಯ 9 ನಿಮಿಷ, ಹಾಗಾಗಿ ಬೇಡವೆನಿಸಿದರೆ ಬೇಗ ಇಳಿಯುತ್ತದೆ. 1995ರಲ್ಲಿ ಬೊಯೆಜಾರ್ಟ್ ಮತ್ತು ಸಂಗಡಿಗರು ಸೈನಸ್ ಶಸ್ತ್ರಚಿಕಿತ್ಸೆಯಲ್ಲಿ ಇವೆರಡನ್ನು ಹೋಲಿಸಿದಾಗ, ಎಸ್ಮೊಲಾಲ್ ಗುಂಪಿನಲ್ಲಿ ಒತ್ತಡ ಅಷ್ಟೊಂದು ಇಳಿಯದೆಯೂ ಕೆಲಸದ ಜಾಗ ಶುಭ್ರವಾಗಿ ಕಂಡಿತು. ರಕ್ತ ಎಷ್ಟು ಜಿನುಗುತ್ತಿದೆ ಎಂದು 0ಯಿಂದ 5ರವರೆಗೆ ಅಂಕ ಕೊಡುವ, ಇಂದಿಗೂ ಬಳಕೆಯಲ್ಲಿರುವ ಮಾಪನ ಬಂದದ್ದು ಆ ಕೆಲಸದಿಂದಲೇ. ಬಡಿತ 60ರ ಆಸುಪಾಸಿದ್ದರೆ ಒತ್ತಡವನ್ನು 50ರವರೆಗೆ ಒಯ್ಯುವ ಅಗತ್ಯವೇ ಬಾರದು ಎಂಬುದು ಇದರ ಬಹುದೊಡ್ಡ ಪಾಠ. ಬಡಿತ ತಗ್ಗಿದರೆ ಹೃದಯದ ಸ್ವಂತ ಬೇಡಿಕೆಯೂ ತಗ್ಗುತ್ತದೆ, ಅದಕ್ಕೆ ರಕ್ತ ಸಿಗುವ ಅವಧಿಯೂ ಹಿಗ್ಗುತ್ತದೆ. ಆದರೆ ಈ ದಾರಿಯಲ್ಲಿ ಒಟ್ಟು ಹರಿವು ಕಡಿಮೆ ಎಂಬುದನ್ನು ಮರೆಯಬಾರದು. ಕರುಳು, ಮೂತ್ರಪಿಂಡಕ್ಕೆ ಅದರ ಬಿಸಿ ತಟ್ಟಬಹುದು.

ಪ್ರೊಪೊಫಾಲ್‌ನ ಕಥೆ ಬೇರೆ. ಇದು ಸಿರೆಯ ಮೂಲಕ ಕೊಡುವ ಅರಿವಳಿಕೆ ಔಷಧ. ಅದರ ಅಣುವಿನ ಫೀನಾಲ್ ಉಂಗುರ ವಿಟಮಿನ್ ಇ ಅನ್ನು ಹೋಲುತ್ತದೆ. ಚುರುಕು ಕಣಕ್ಕೆ ಹೈಡ್ರೋಜನ್ ಕೊಟ್ಟು ತಣ್ಣಗಾಗಿಸಬಲ್ಲದು. ಪ್ರೊಪೊಫಾಲ್ ಜೊತೆಗೆ ರೆಮಿಫೆಂಟನಿಲ್ ಎಂಬ ಬಲವಾದ ನೋವುನಿವಾರಕ ಹನಿಸಿ ಒತ್ತಡ ಇಳಿಸಿದ ಅಧ್ಯಯನದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಕಡಿಮೆ ಕಂಡರೆ, ಅದು ಇಳಿದ ಒತ್ತಡದ ಗುಣವೋ ಔಷಧದ ಗುಣವೋ ಎಂದು ಬೇರ್ಪಡಿಸುವುದು ಕಷ್ಟ. ಸೆವೊಫ್ಲುರೇನ್‌ನಂಥ ಆವಿಗಳು, ಅಂದರೆ ಉಸಿರಿನ ಮೂಲಕ ಕೊಡುವ ಅರಿವಳಿಕೆ ಔಷಧಗಳು, ಇನ್ನೊಂದು ಕುತೂಹಲ ತೋರಿಸುತ್ತವೆ. ಅವು ಹೃದಯದ ಕೋಶಗಳಲ್ಲಿ ಅಲ್ಪ ಪ್ರಮಾಣದ ಚುರುಕು ಕಣಗಳನ್ನು ಹುಟ್ಟಿಸಿ, ಆ ಸಣ್ಣ ಪೆಟ್ಟಿನಿಂದಲೇ ಕೋಶವನ್ನು ಮುಂದಿನ ದೊಡ್ಡ ಪೆಟ್ಟಿಗೆ ಸಜ್ಜುಗೊಳಿಸುತ್ತವೆ. ಪ್ರಾಣಿಗಳಲ್ಲಿ ಆ ಕಣಗಳನ್ನು ಮೊದಲೇ ಅಳಿಸಿಹಾಕಿದಾಗ ರಕ್ಷಣೆಯೂ ಹೋಯಿತು. ಅಂದರೆ ಆಕ್ಸಿಡೇಟಿವ್ ಕಣ ಕಂಡ ಕೂಡಲೇ ಕೆಟ್ಟದ್ದು ಎನ್ನುವಂತಿಲ್ಲ.

ಡೆಕ್ಸ್‌ಮೆಡಿಟೊಮಿಡಿನ್ ಎಂಬ ನಿದ್ರಾಜನಕ ಔಷಧ ಸಾಮಾನ್ಯವಾಗಿ ಕೆ.ಜಿ.ಗೆ 1 ಮೈಕ್ರೋಗ್ರಾಂ ಅನ್ನು 10 ನಿಮಿಷದಲ್ಲಿ, ಮುಂದೆ ಗಂಟೆಗೆ 0.2–0.7ರಂತೆ ಹೋಗುತ್ತದೆ. ಒತ್ತಡ, ಬಡಿತ ಎರಡನ್ನೂ ಮೃದುವಾಗಿ ಇಳಿಸುತ್ತದೆ. ಅವಸರದಲ್ಲಿ ಮೊದಲ ಪ್ರಮಾಣ ತಳ್ಳಿದರೆ ಒತ್ತಡ ಇಳಿಯುವ ಬದಲು ಮೊದಲು ಏರುತ್ತದೆ, ಬಡಿತ ಅಪಾಯಕ್ಕೆ ಕುಸಿಯಬಹುದು. ಎಚ್ಚರಗೊಳ್ಳುವುದೂ ತಡ.

ಅಧ್ಯಯನಗಳ ಉತ್ತರ ಯಾಕೆ ಕೂಡಿಬರುತ್ತಿಲ್ಲ

ಔಷಧದ ಗೊಂದಲದ ಮೇಲೆ ಅಳತೆಯ ಗೊಂದಲ. ಚುರುಕು ಕಣಗಳು ಕ್ಷಣಾರ್ಧದಲ್ಲಿ ಮಾಯವಾಗುವುದರಿಂದ ಅವನ್ನು ನೇರವಾಗಿ ಹಿಡಿಯಲಾಗದು. ಅವು ಬಿಟ್ಟುಹೋದ ಗುರುತನ್ನು ಅಳೆಯುತ್ತಾರೆ. ಅಗ್ಗದ, ಹೆಚ್ಚು ಬಳಕೆಯ ಪರೀಕ್ಷೆ ಥಯೋಬಾರ್ಬಿಟ್ಯೂರಿಕ್ ಆಮ್ಲದ್ದು. ಮಲಾನ್‌ಡೈಆಲ್ಡಿಹೈಡ್ ಇದ್ದರೆ ಗುಲಾಬಿ ಬಣ್ಣ ಬರುತ್ತದೆ. ಆದರೆ ಬೇರೆ ಹಲವು ವಸ್ತುಗಳಿಗೂ ಅದೇ ಬಣ್ಣ ಬರುತ್ತದೆ. ಸಿರಿಂಜಿನಲ್ಲಿ ರಕ್ತಕಣ ಒಡೆದಿದ್ದರೂ, ಮಾದರಿ ತಡವಾಗಿ ಶೀತಲಪೆಟ್ಟಿಗೆ ಸೇರಿದರೂ ಅಂಕಿ ಏರುತ್ತದೆ.

‘ಒಟ್ಟು ಪ್ರತಿ ಉತ್ಕರ್ಷಣ ಸಾಮರ್ಥ್ಯ’ ಎಂಬ ಇನ್ನೊಂದು ಪರೀಕ್ಷೆ ಚುರುಕು ಕಣಗಳನ್ನು ತಣಿಸುವ ರಕ್ತದ ಶಕ್ತಿಯನ್ನು ಅಳೆಯುತ್ತದೆ. ಅದರಲ್ಲಿ ಯೂರಿಕ್ ಆಮ್ಲದ ಪಾಲು ದೊಡ್ಡದು. ಯೂರಿಕ್ ಆಮ್ಲ ಹೆಚ್ಚುವುದೋ, ಹೈಪೊಕ್ಸಾಂಥಿನ್ ಉರಿದಾಗ! ಅಂದರೆ ಹಾನಿಯ ದಾರಿಯಲ್ಲೇ ಹುಟ್ಟಿದ ವಸ್ತು ರಕ್ಷಣೆ ಹೆಚ್ಚಿದಂತೆ ತೋರಿಸಬಹುದು. ಡ್ರಿಪ್‌ನಲ್ಲಿ ಎರಡು ಲೀಟರ್ ದ್ರವ ಹೋಗಿದ್ದರೆ ರಕ್ತ ತೆಳುವಾಗಿ ಎಲ್ಲ ಅಂಕಿಗಳೂ ತಗ್ಗುತ್ತವೆ. 2014ರಿಂದ ಬಳಕೆಗೆ ಬಂದ ಥಯಾಲ್–ಡೈಸಲ್ಫೈಡ್ ಪರೀಕ್ಷೆಯದ್ದೂ ಅದೇ ಕಷ್ಟ, ಏಕೆಂದರೆ ಅದು ಅಳೆಯುವ ಥಯಾಲ್‌ನ (ಗಂಧಕದ ಗುಂಪು) ಬಹುಪಾಲು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೇಲಿದೆ, ಆಲ್ಬುಮಿನ್ ತೆಳುವಾದರೆ ಥಯಾಲ್ ಕಡಿಮೆ ಕಾಣುತ್ತದೆ. ಕಣಗಳು ಕೊಬ್ಬನ್ನು ಕೊರೆದಾಗ ಹುಟ್ಟುವ ಎಫ್2–ಐಸೊಪ್ರಾಸ್ಟೇನ್ ಇವೆಲ್ಲಕ್ಕಿಂತ ನಂಬಲರ್ಹ. ಆದರೆ ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ದುಬಾರಿ ಯಂತ್ರ ಬೇಕು, ಸಣ್ಣ ಅಧ್ಯಯನಗಳಿಗೆ ಅದು ಎಟುಕುವುದಿಲ್ಲ.

ರಕ್ತ ಯಾವಾಗ ತೆಗೆದರು ಎಂಬುದೂ ಉತ್ತರವನ್ನು ಬದಲಿಸುತ್ತದೆ. ಒತ್ತಡ ಇಳಿದಿರುವಾಗ ತೆಗೆದರೆ ಸೌದೆ ಒಟ್ಟುವ ಹಂತ, ಏನೂ ಕಾಣದು. ಒತ್ತಡ ಮರಳಿದ ಸ್ವಲ್ಪ ಹೊತ್ತಿಗೆ ತೆಗೆದರೆ ಏರಿಕೆ ಸಿಗಬಹುದು. ಮರುದಿನ ತೆಗೆದರೆ ಎಲ್ಲ ತಣ್ಣಗಾಗಿರಬಹುದು. ತೋಳಿನ ಸಿರೆಯ ರಕ್ತಕ್ಕೆ ಮೂತ್ರಪಿಂಡದ ಒಳಪದರದ ಸಂಕಟ ಗೊತ್ತಾಗುವುದೂ ಕಷ್ಟ. ಶಸ್ತ್ರಚಿಕಿತ್ಸೆಯ ಗಾಯವೇ ಉರಿಯೂತ ಹುಟ್ಟಿಸುತ್ತದೆ, ಕಾಲಿಗೆ ಟೂರ್ನಿಕೆ (ರಕ್ತ ತಡೆಯುವ ಬಿಗಿ ಪಟ್ಟಿ) ಕಟ್ಟಿದ್ದರೆ ಅದು ಬಿಚ್ಚಿದಾಗ ಇನ್ನೊಂದು ಅಲೆ, ಶುದ್ಧ ಆಮ್ಲಜನಕ ಕೊಟ್ಟಿದ್ದರೆ ಮತ್ತೊಂದು. ಒಂದೊಂದು ಗುಂಪಿನಲ್ಲಿ ಕೆಲವೇ ಹತ್ತಾರು ರೋಗಿಗಳಿರುವ ಅಧ್ಯಯನ ಇವನ್ನೆಲ್ಲ ಸೋಸಿ ತೆಗೆಯಲಾರದು. ಅದರ ಫಲಿತಾಂಶವನ್ನು ‘ಬಿಪಿ ಇಳಿಸುವುದು ಕೋಶಗಳಿಗೆ ಒಳ್ಳೆಯದು’ ಎಂದೋ ‘ವಿಷ’ ಎಂದೋ ಶೀರ್ಷಿಕೆ ಮಾಡುವುದು ಓದುಗರಿಗೆ ಮಾಡುವ ಅನ್ಯಾಯ.

ಗುರುತು ಏರಿದರೆ ರೋಗಿಗೆ ಕೇಡೇ?

ಇಲ್ಲಿಯವರೆಗೆ ನೋಡಿದ್ದು ರಾಸಾಯನಿಕ. ರೋಗಿಗೆ ಬೇಕಾದದ್ದು ಬೇರೆ: ಮೂತ್ರಪಿಂಡ ಉಳಿಯಿತೇ, ಹೃದಯ ಉಳಿಯಿತೇ, ಬುದ್ಧಿ ಮಂಕಾಗಲಿಲ್ಲವೇ. ಎರಡರ ನಡುವಿನ ಕಂದಕ ಸಣ್ಣದಲ್ಲ.

2024ರಲ್ಲಿ ಪ್ರಕಟವಾದ, 200 ಹೃದಯ ಶಸ್ತ್ರಚಿಕಿತ್ಸಾ ರೋಗಿಗಳ ಪ್ರಯೋಗ ಇದಕ್ಕೆ ಒಳ್ಳೆಯ ಕನ್ನಡಿ. ಒಂದು ಗುಂಪಿಗೆ ಶುದ್ಧ ಆಮ್ಲಜನಕ, ಇನ್ನೊಂದಕ್ಕೆ ಅಗತ್ಯವಿದ್ದಷ್ಟೇ. ಮೊದಲ ಗುಂಪಿನಲ್ಲಿ ಐಸೊಪ್ರಾಸ್ಟೇನ್ ಸ್ಪಷ್ಟವಾಗಿ ಏರಿತು. ಮೂತ್ರಪಿಂಡದ ಹಾನಿಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆವಿ ಅರಿವಳಿಕೆ ಹೃದಯವನ್ನು ಕಾಯುತ್ತದೆ ಎಂಬ ಪ್ರಯೋಗಾಲಯದ ಭರವಸೆಯೂ, 2019ರಲ್ಲಿ 5,400 ಬೈಪಾಸ್ ರೋಗಿಗಳನ್ನು ಹೋಲಿಸಿದ ಮಿರಿಯಾಡ್ ಪ್ರಯೋಗದಲ್ಲಿ ಒಂದು ವರ್ಷದ ಸಾವಿನ ಪ್ರಮಾಣ ಆವಿ ಪಡೆದವರಲ್ಲಿ ಶೇ 2.8, ಸಿರೆಯ ಮೂಲಕ ಅರಿವಳಿಕೆ ಪಡೆದವರಲ್ಲಿ 3.0 ಎಂದು ಬಂದಾಗ, ಅಲ್ಲೇ ನಿಂತಿತು. ಹಾಗಾದರೆ ವಿಟಮಿನ್ ಸಿ ಸುರಿದುಬಿಡೋಣ ಎನ್ನುವವರಿಗೆ 2022ರ ಲೋವಿಟ್ ಪ್ರಯೋಗ ಎಚ್ಚರಿಕೆ. ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಗಳೇ ಕೆಡುವ ಸ್ಥಿತಿಯ ರೋಗಿಗಳಿಗೆ ಭಾರಿ ಪ್ರಮಾಣದಲ್ಲಿ ಕೊಟ್ಟಾಗ ಸಾವು ಅಥವಾ ಅಂಗವೈಫಲ್ಯ ಮುಂದುವರಿದವರ ಪ್ರಮಾಣ ಶೇ 38.5ರಿಂದ 44.5ಕ್ಕೆ ಏರಿತು. ಸೆಪ್ಸಿಸ್ ಬೇರೆ ಕಾಯಿಲೆ, ನಿಜ. ಆದರೂ ಕಣ ತಣಿಸಿದರೆ ರೋಗಿ ಸುಧಾರಿಸುತ್ತಾನೆ ಎಂಬ ಸರಳ ತರ್ಕ ಅಲ್ಲಿ ಮುರಿದುಬಿತ್ತು.

ಒತ್ತಡದ ಬಗೆಗಿನ ದೊಡ್ಡ ಮಾಹಿತಿಯೂ ಒಂದೇ ದಿಕ್ಕಿಗೆ ತೋರಿಸುವುದಿಲ್ಲ. 2013ರಲ್ಲಿ 33,330 ಶಸ್ತ್ರಚಿಕಿತ್ಸೆಗಳ ದಾಖಲೆ ನೋಡಿದ ವಿಶ್ಲೇಷಣೆಯಲ್ಲಿ, ಸರಾಸರಿ 55ಕ್ಕಿಂತ ಕೆಳಗೆ 1ರಿಂದ 5 ನಿಮಿಷ ಇದ್ದವರಲ್ಲೂ ಹೃದಯ ಮತ್ತು ಮೂತ್ರಪಿಂಡದ ಹಾನಿ ಹೆಚ್ಚಾಗಿ ಕಂಡಿತು. ಆದರೆ ಇದು ದಾಖಲೆ. ಮೊದಲೇ ದುರ್ಬಲರಾದವರ ಒತ್ತಡವೇ ಹೆಚ್ಚು ಕುಸಿಯುತ್ತದೆ, ಹಾಗಾಗಿ ಕಾರಣ ಯಾವುದು ಫಲ ಯಾವುದು ಎಂದು ಖಚಿತವಾಗಿ ಹೇಳಲಾಗದು. 2017ರ ಇನ್‌ಪ್ರೆಸ್ ಪ್ರಯೋಗ ಹೆಚ್ಚು ಅಪಾಯದ 298 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಸಿಸ್ಟಾಲಿಕ್ ಒತ್ತಡವನ್ನು ಅವರವರ ಮೂಲ ಅಂಕಿಯ ಶೇ 10ರೊಳಗೆ ಕಾಯ್ದುಕೊಂಡ ಗುಂಪಿನಲ್ಲಿ ಅಂಗಗಳ ತೊಂದರೆ ಶೇ 38.1, ಎಂದಿನ ಆರೈಕೆಯಲ್ಲಿ ಶೇ 51.7. ಅದಾದ ಮೇಲೆ ಬಂದ ಪೋಯಿಸ್–3 ಪ್ರಯೋಗ 7,490 ಜನರಲ್ಲಿ ಸರಾಸರಿ 80 ಮತ್ತು 60ರ ಗುರಿಗಳನ್ನು ಹೋಲಿಸಿತು. ಹೃದಯ, ರಕ್ತನಾಳದ ತೊಂದರೆ ಶೇ 13.9 ಮತ್ತು 14.0. ವ್ಯತ್ಯಾಸವೇ ಇಲ್ಲ.

ಇವು ಪರಸ್ಪರ ಹೊಡೆದಾಡುತ್ತಿವೆ ಎಂದು ಅನೇಕರು ಓದಿದ್ದಾರೆ. ಹಾಗೆ ಓದಬೇಕಿಲ್ಲ. ಇನ್‌ಪ್ರೆಸ್ ಕೇಳಿದ್ದು ‘ಈ ವ್ಯಕ್ತಿಯ ಮೂಲ ಅಂಕಿಯಿಂದ ಎಷ್ಟು ದೂರ?’ ಎಂದು. ಪೋಯಿಸ್–3 ಕೇಳಿದ್ದು ‘ಎಲ್ಲರಿಗೂ 60 ಸಾಕೇ, 80 ಬೇಕೇ?’ ಎಂದು. ಮೇಲೆ ಕಂಡ 120/80 ಮತ್ತು 160/100ರ ಲೆಕ್ಕವನ್ನು ನೆನೆದರೆ ಮೊದಲ ಪ್ರಶ್ನೆ ಹೆಚ್ಚು ಅರ್ಥಪೂರ್ಣ ಎನಿಸುತ್ತದೆ. ಇನ್ನೊಂದು ಮಾತು. ಇವುಗಳಲ್ಲಿ ಯಾವುದೂ 50–55ಕ್ಕೆ ಬೇಕೆಂದೇ ಇಳಿಸಿ ಗಂಟೆಗಟ್ಟಲೆ ಇಡುವುದು ಸುರಕ್ಷಿತ ಎಂದು ತೋರಿಸಿಲ್ಲ.

ಎಡವುವುದು ಎಲ್ಲಿ

ಅಪಾಯ ಬರುವುದು ಔಷಧದ ಆಯ್ಕೆಯಿಂದ ಮಾತ್ರವಲ್ಲ, ಸಣ್ಣ ಲೆಕ್ಕಗಳು ತಪ್ಪಿದಾಗಲೂ.

ಸೈನಸ್, ಕಿವಿ ಆಪರೇಷನ್‌ಗಳಲ್ಲಿ ಮೇಜಿನ ತಲೆಯ ಭಾಗವನ್ನು 15–30 ಡಿಗ್ರಿ ಎತ್ತರಿಸುತ್ತಾರೆ. ಸಿರೆಯ ರಕ್ತ ಇಳಿದುಹೋಗಿ ಜಾಗ ಶುಭ್ರವಾಗುತ್ತದೆ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಮಾತ್ರ ಎದೆಯ ಮಟ್ಟದಲ್ಲೇ ಉಳಿಯುತ್ತದೆ. ಪ್ರತಿ ಸೆಂಟಿಮೀಟರ್ ಎತ್ತರಕ್ಕೆ ಸುಮಾರು 0.77 ಮಿ.ಮೀ. ಒತ್ತಡ ಕಡಿಮೆ. ಕಿವಿ ಎದೆಗಿಂತ 20 ಸೆಂ.ಮೀ. ಮೇಲಿದ್ದರೆ 15 ಮಿ.ಮೀ. ಕಳೆಯಬೇಕು. ಮಾನಿಟರ್ 65 ತೋರಿಸುವಾಗ ಮಿದುಳಿಗೆ ಸಿಗುತ್ತಿರುವುದು 50. ಟ್ರಾನ್ಸ್‌ಡ್ಯೂಸರ್ ಅನ್ನು ಕಿವಿಯ ರಂಧ್ರದ ಮಟ್ಟಕ್ಕೆ ಕಟ್ಟಿ ಸೊನ್ನೆ ಮಾಡಿಕೊಂಡರೆ ಈ ತಪ್ಪು ಆಗದು. ಒಂದು ನಿಮಿಷದ ಕೆಲಸ.

ಇಂಗಾಲದ ಡೈಆಕ್ಸೈಡ್ ಇನ್ನೊಂದು. ವೆಂಟಿಲೇಟರ್ ಜೋರಾಗಿ ಉಸಿರಾಡಿಸಿದರೆ ಅದು ತಗ್ಗಿ, ಪ್ರತಿ ಮಿ.ಮೀ. ಇಳಿತಕ್ಕೆ ಮಿದುಳಿನ ರಕ್ತದ ಹರಿವು ಶೇ 3–4ರಷ್ಟು ಕುಗ್ಗುತ್ತದೆ. ಒತ್ತಡವೂ ಕಡಿಮೆ, ಅದರ ಮೇಲೆ ನಾಳಗಳೂ ಬಿಗಿ. ಹೊರಬಿಡುವ ಉಸಿರಿನಲ್ಲಿ 35–40 ಇರುವಂತೆ ಕಾಯಬೇಕು. ವೆಂಟಿಲೇಟರ್ ಬದಲಿಸದೆಯೇ ಈ ಅಂಕಿ ತಟ್ಟನೆ ಇಳಿಯಿತು ಎಂದರೆ ಶ್ವಾಸಕೋಶಕ್ಕೆ ಬರುವ ರಕ್ತವೇ ತಗ್ಗಿದೆ ಎಂಬ ಸೂಚನೆ. ಒತ್ತಡದ ಅಂಕಿ ಮುಚ್ಚಿಟ್ಟ ಹರಿವಿನ ಸುದ್ದಿಯನ್ನು ಈ ಸಾಧಾರಣ ಯಂತ್ರ ಹೊರಗೆಡಹುತ್ತದೆ. ಲ್ಯಾಕ್ಟೇಟ್ 2 ದಾಟಿತೇ, ಗಂಟೆಗೆ ಕೆ.ಜಿ.ಗೆ 0.5 ಮಿಲಿಲೀಟರ್ ಮೂತ್ರ ಬರುತ್ತಿದೆಯೇ, ಹಣೆಗೆ ಅಂಟಿಸಿದ ಸೆನ್ಸರ್‌ನಲ್ಲಿ ಮಿದುಳಿನ ಆಮ್ಲಜನಕ ಆರಂಭಕ್ಕಿಂತ ಶೇ 20 ಕುಸಿಯಿತೇ ಎಂಬುದನ್ನೂ ಜೊತೆಗೆ ನೋಡುತ್ತಾರೆ.

ಹಿಮೋಗ್ಲೋಬಿನ್ ಮರೆತರೆ ಲೆಕ್ಕವೇ ತಲೆಕೆಳಗು. 15ರ ಬದಲು 10 ಇದ್ದರೆ ಅದೇ 5 ಲೀಟರ್ ಹರಿವಿನಲ್ಲಿ ಆಮ್ಲಜನಕ 1000ದಿಂದ 660ರ ಆಸುಪಾಸಿಗೆ ಇಳಿಯುತ್ತದೆ. ಎಸ್ಮೊಲಾಲ್‌ನಿಂದ ಹರಿವು 4 ಲೀಟರ್‌ಗೆ ಬಂದರೆ 525. ಬಳಕೆ 200 ಎಂದಿಟ್ಟುಕೊಂಡರೂ ದಾಸ್ತಾನು ಕರಗಿತು. ರಕ್ತಹೀನತೆ ಇದ್ದವರ ಒತ್ತಡವನ್ನು ಬೇಕೆಂದೇ ಇಳಿಸುವುದು ಎರಡೂ ಕಡೆಯಿಂದ ಬತ್ತಿ ಹಚ್ಚಿದಂತೆ.

ಇನ್ನು ಮರಳುವ ಗಳಿಗೆ. ಹೊಲಿಗೆ ಹಾಕುವ ಮುನ್ನವೇ ಔಷಧ ತಗ್ಗಿಸಿ ಒತ್ತಡವನ್ನು ಹಂತಹಂತವಾಗಿ ಮೂಲಕ್ಕೆ ತರುತ್ತಾರೆ. ಇದಕ್ಕೆ ಎರಡು ಕಾರಣ. ಕಡಿಮೆ ಒತ್ತಡದಲ್ಲಿ ಅಡಗಿದ್ದ ರಕ್ತನಾಳ ಈಗ ಕಾಣಿಸಿಕೊಳ್ಳುತ್ತದೆ, ಅದನ್ನು ಕಟ್ಟಬಹುದು. ಇಲ್ಲವಾದರೆ ವಾರ್ಡಿನಲ್ಲಿ ಗಾಯದೊಳಗೆ ರಕ್ತ ಒಸರಿ ಹೆಪ್ಪುಗಟ್ಟಿ ಮತ್ತೆ ಥಿಯೇಟರ್‌ಗೆ. ಎರಡನೆಯದು ಜೀವಕೋಶದ ಕಾರಣ. ನೈಟ್ರೊಪ್ರಸೈಡ್ ಅನ್ನು ಥಟ್ಟನೆ ನಿಲ್ಲಿಸಿದರೆ ಒತ್ತಡ ಏರಿಸುವ ಹಾರ್ಮೋನುಗಳ ರೆನಿನ್ ವ್ಯವಸ್ಥೆ ಎಚ್ಚೆತ್ತು ಒತ್ತಡ ಮೂಲಕ್ಕಿಂತ ಮೇಲೆ ಜಿಗಿಯುತ್ತದೆ. ಮರಳುವ ರಕ್ತದ ಅಲೆ ದೊಡ್ಡದಾದಷ್ಟೂ ಕಿಡಿ ಹೆಚ್ಚು.

ಯಾರಿಗೆ ಬೇಡ, ಬದಲಿಗೆ ಏನು

ಬಹುಕಾಲದ ಮತ್ತು ಹತೋಟಿಯಲ್ಲಿಲ್ಲದ ಬಿಪಿ, ಹೃದಯದ ರಕ್ತನಾಳದ ಕಾಯಿಲೆ, ಹಿಂದೆ ಪಾರ್ಶ್ವವಾಯು ಅಥವಾ ಕುತ್ತಿಗೆಯ ಕೆರೊಟಿಡ್ ನಾಳದಲ್ಲಿ ತಡೆ, ಮೂತ್ರಪಿಂಡದ ತೊಂದರೆ, ತೀವ್ರ ರಕ್ತಹೀನತೆ, ಗರ್ಭಧಾರಣೆ — ಇವಿದ್ದಲ್ಲಿ ಬೇಕೆಂದೇ ಒತ್ತಡ ಇಳಿಸುವುದನ್ನು ಬಿಡುವುದೇ ಲೇಸು. ಬೋರಲು ಮಲಗಿಸಿ ಗಂಟೆಗಟ್ಟಲೆ ಮಾಡುವ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚು ರಕ್ತ ಹೋದಾಗ ಅಪರೂಪಕ್ಕೆ ದೃಷ್ಟಿಯೇ ಹೋಗುವುದುಂಟು. ಅಲ್ಲಿಯೂ ಕೈ ಬಿಗಿ ಹಿಡಿಯಬೇಕು. ಯುವಕರು, ಆರೋಗ್ಯವಂತರು, ಒಂದೆರಡು ಗಂಟೆಯ ಸೈನಸ್ ಅಥವಾ ಕಿವಿಯ ಕೆಲಸ ಎಂದಾದರೆ ಬಡಿತವನ್ನು 60ಕ್ಕೆ ತಂದು ಸರಾಸರಿಯನ್ನು 60–65ರಲ್ಲಿ ಇಡುವುದರಿಂದ ಜೀವಕೋಶಕ್ಕೆ ಗಣನೀಯ ಪೆಟ್ಟು ಬೀಳುತ್ತದೆ ಎನ್ನಲು ಆಧಾರ ಸಾಲದು. ಹೆಚ್ಚು ರಕ್ತ ಹೋಗುವ ಶಸ್ತ್ರಚಿಕಿತ್ಸೆಗಳಲ್ಲಿ, ರಕ್ತ ಉಳಿದು ದಾನಿಯ ರಕ್ತ ಏರಿಸುವುದು ತಪ್ಪಿದರೆ ಅದೂ ಲಾಭದ ಪಟ್ಟಿಗೇ ಸೇರುತ್ತದೆ. ದಾಸ್ತಾನಿನಲ್ಲಿದ್ದ ರಕ್ತದಿಂದ ಬಿಡುಗಡೆಯಾಗುವ ಹೀಮ್ ಮತ್ತು ಕಬ್ಬಿಣವೂ ಹೈಡ್ರಾಕ್ಸಿಲ್ ಕಣಕ್ಕೆ ಮೇವು.

ಒತ್ತಡ ಇಳಿಸುವುದೊಂದೇ ದಾರಿ ಎಂಬ ಕಾಲ ಈಗಿಲ್ಲ. ಮೂಗಿನ ಒಳಪದರಕ್ಕೆ ಅಡ್ರಿನಲಿನ್ ಅದ್ದಿದ ಹತ್ತಿ, ತಲೆ ಎತ್ತರಿಸಿದ ಮೇಜು, ಆವಿಯ ಬದಲು ಪ್ರೊಪೊಫಾಲ್, ದೇಹ ತಣ್ಣಗಾಗದಂತೆ ಕಾಯುವುದು — ಇಷ್ಟರಿಂದಲೇ ಬಹಳಷ್ಟು ಜಿನುಗುವಿಕೆ ನಿಲ್ಲುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಹೆಪ್ಪು ಕರಗದಂತೆ ತಡೆಯುತ್ತದೆ. ಪೋಯಿಸ್–3 ಪ್ರಯೋಗದ ಇನ್ನೊಂದು ಭಾಗ ಇದನ್ನೇ 9,535 ರೋಗಿಗಳಲ್ಲಿ ನೋಡಿತ್ತು. ಗಂಭೀರ ರಕ್ತಸ್ರಾವ ಶೇ 11.7ರಿಂದ 9.1ಕ್ಕೆ ಇಳಿಯಿತು, ಅದೂ ಒತ್ತಡವನ್ನು ಬೇಕೆಂದೇ ಇಳಿಸದೆ.

ರೋಗಿಯ ಕಡೆಯಿಂದ ಆಗಬೇಕಾದ ಕೆಲಸವೂ ಒಂದಿದೆ. ಅರಿವಳಿಕೆ ತಜ್ಞರಿಗೆ ಬೇಕಾದದ್ದು ಮೂಲ ಅಂಕಿ. ಆಪರೇಷನ್ ದಿನ ಬೆಳಗ್ಗೆ, ಹೆದರಿಕೆಯಲ್ಲಿ ಅಳೆದ 150/95 ಮೂಲ ಅಂಕಿಯಲ್ಲ. ಅದರಿಂದ ಶೇ 30 ಕಳೆದ ಲೆಕ್ಕವೂ ಸರಿಬಾರದು. ಹಿಂದಿನ ವಾರ ಮನೆಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತ ಮೇಲೆ, ದಿನಕ್ಕೆರಡು ಬಾರಿ ಅಳೆದು ದಿನಾಂಕದೊಂದಿಗೆ ಬರೆದಿಟ್ಟ ಚೀಟಿ, ನುಂಗುತ್ತಿರುವ ಬಿಪಿ ಮಾತ್ರೆಗಳ ಹೆಸರು, ಈಚಿನ ಹಿಮೋಗ್ಲೋಬಿನ್ ಮತ್ತು (ಮೂತ್ರಪಿಂಡದ ಸ್ಥಿತಿ ಹೇಳುವ) ಕ್ರಿಯಾಟಿನಿನ್ ವರದಿ — ಪೂರ್ವ ತಪಾಸಣೆಯ ದಿನ ಇವನ್ನು ಕೈಗಿತ್ತು, ‘ನನ್ನ ಬಿಪಿ ಇಳಿಸುವ ಯೋಚನೆ ಇದೆಯೇ, ಎಷ್ಟರವರೆಗೆ, ಎಷ್ಟು ಹೊತ್ತು?’ ಎಂದು ಕೇಳಬಹುದು.